ಬಿಸಿಲಿಗೆ ಬಾಡಿಗೆ: ಪಾವಗಡದ ಸೋಲಾರ್ ಗುತ್ತಿಗೆ ನಮಗೆ ಕಲಿಸುವ ಲೆಕ್ಕ

ಇತ್ತೀಚೆಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮ್ಯೂಚುವಲ್ ಫಂಡ್, ಎನ್‌ಆರ್‌ಒ ಖಾತೆ, ಬೆಂಗಳೂರಿನ ಫ್ಲಾಟ್ ಇವುಗಳ ಸಾಲಿಗೆ ಹೊಸದೊಂದು ಸೇರಿಕೊಂಡಿದೆ. "ಊರಲ್ಲಿ ಅಪ್ಪನ ಹೆಸರಲ್ಲಿ ಐದಾರು ಎಕರೆ ಖುಷ್ಕಿ ಜಮೀನಿದೆ. ಸೋಲಾರ್ ಕಂಪನಿಯವರು ಎಕರೆಗೆ ಇಷ್ಟು ಅಂತ ಬಾಡಿಗೆ ಕೊಡ್ತೀವಿ ಅಂತಿದ್ದಾರೆ. ಇಪ್ಪತ್ತೆಂಟು ವರ್ಷದ ಅಗ್ರಿಮೆಂಟ್. ಕೊಡಬಹುದಾ?" ಪ್ರಶ್ನೆ ತುಮಕೂರು, ಚಿತ್ರದುರ್ಗ, ಕೊಪ್ಪಳ, ಗದಗ, ಕಲಬುರಗಿ ಕಡೆಯಿಂದ ಬಂದವರದ್ದು. ಬಹುತೇಕರು ಕೇಳುವಾಗಲೇ ಅರ್ಧ ಒಪ್ಪಿಕೊಂಡಿರುತ್ತಾರೆ. ಮಳೆ ಇಲ್ಲ, ಕೂಲಿಯವರು ಸಿಗುವುದಿಲ್ಲ, ಅಪ್ಪನಿಗೆ ವಯಸ್ಸಾಗಿದೆ, ಸುಮ್ಮನೆ ಬಿದ್ದಿರುವ ಜಮೀನಿಗೆ ಬಾಡಿಗೆ ಬಂದರೆ ಬೇಡ ಅನ್ನುವುದೇಕೆ?

ಕೊಡಬಹುದು, ಕೊಡಬಾರದು ಎಂದು ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ಆದರೆ ನಮ್ಮ ಪುಣ್ಯಕ್ಕೆ ಈ ಪ್ರಶ್ನೆಗೆ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ: ಪಾವಗಡ. ಅಲ್ಲಿನ ರೈತರು ಸಹಿ ಹಾಕಿ ವರ್ಷಗಳೇ ಕಳೆದಿವೆ. ಗುತ್ತಿಗೆಯ ಷರತ್ತುಗಳು ಎಲ್ಲರಿಗೂ ಗೊತ್ತಿವೆ. ಹಾಗಾಗಿ ಊಹೆ ಮಾಡುವ ಅಗತ್ಯವಿಲ್ಲ, ಲೆಕ್ಕ ಹಾಕಿ ನೋಡಬಹುದು. ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹಳ್ಳಿಗೆ ಸೋಲಾರ್‌ನಿಂದ ಎಷ್ಟು ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಬಿಸಿಲಿಗಿಂತ ಹೆಚ್ಚಾಗಿ ಕಾಗದದಲ್ಲಿ ಬರೆದ ನಾಲ್ಕೈದು ಷರತ್ತುಗಳು.

ಪಾವಗಡದಲ್ಲಿ ಆಗಿದ್ದೇನು?

ನಕ್ಷೆಯಲ್ಲಿ ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರದಿಂದ ಸುತ್ತುವರಿದಿದೆ. ಮನೆಮನೆಯಲ್ಲಿ ತೆಲುಗೂ ಕನ್ನಡವೂ ಒಟ್ಟಿಗೆ ಓಡಾಡುವ ಊರುಗಳು. ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೀಮೆ. ಬರ ಎನ್ನುವುದು ಅಲ್ಲಿ ಸುದ್ದಿಯೇ ಅಲ್ಲ. ಕೊಳವೆಬಾವಿ ಕೊರೆದರೆ ನೀರು ಸಿಗುವುದು ಕಷ್ಟ, ಸಿಕ್ಕ ನೀರಿನಲ್ಲಿ ಫ್ಲೋರೈಡ್. ಬೆಂಗಳೂರಿಗೆ ಕೂಲಿಗೆ ಹೋಗುವುದು ಎಷ್ಟೋ ಮನೆಗಳಿಗೆ ವರ್ಷದ ಒಂದು ಭಾಗವೇ ಆಗಿತ್ತು.

ಆ ಸೀಮೆಯಲ್ಲಿ ಧಾರಾಳವಾಗಿದ್ದದ್ದು ಎರಡೇ: ಬಿಸಿಲು ಮತ್ತು ಜಮೀನು. ಈ ಭಾಗದಲ್ಲಿ ಒಂದು ಚದರ ಮೀಟರ್ ನೆಲಕ್ಕೆ ದಿನಕ್ಕೆ ಸರಾಸರಿ 5 ಯೂನಿಟ್‌ಗೂ ಹೆಚ್ಚು ಸೌರಶಕ್ತಿ ಬೀಳುತ್ತದೆ. ಸೋಲಾರ್‌ನಲ್ಲಿ ಜಗತ್ತಿಗೆ ಪಾಠ ಹೇಳಿದ ಜರ್ಮನಿಯಲ್ಲಿ ಇದು 3ರ ಆಸುಪಾಸು.

2015ರಲ್ಲಿ ಕೇಂದ್ರದ ಸೆಕಿ ಮತ್ತು ರಾಜ್ಯದ ಕ್ರೆಡಲ್ ಸೇರಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಕಟ್ಟಿದವು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಗುರುತಿಸಿದರು. ಇಲ್ಲಿ ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಸುಮಾರು 2,300 ರೈತರಿಂದ ಗುತ್ತಿಗೆಗೆ ಪಡೆಯಿತು. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ನಿಗಮವು ರಸ್ತೆ, ಸಬ್‌ಸ್ಟೇಷನ್ ಮಾಡಿಸಿ, ಜಮೀನನ್ನು ಬ್ಲಾಕ್‌ಗಳಾಗಿ ಹಂಚಿ ವಿದ್ಯುತ್ ಕಂಪನಿಗಳಿಗೆ ಕೊಟ್ಟಿತು. 2018ರ ಮಾರ್ಚ್‌ನಲ್ಲಿ 'ಶಕ್ತಿ ಸ್ಥಳ' ಎಂಬ ಹೆಸರಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ ಪೂರ್ಣ ಸಾಮರ್ಥ್ಯ, ಅಂದರೆ 2,050 ಮೆಗಾವ್ಯಾಟ್ ತಲುಪಿತು. ಆ ಹೊತ್ತಿಗೆ ಅದು ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಒಂದು.

ಗುತ್ತಿಗೆಯ ಷರತ್ತು ಮೂರೇ ಸಾಲು:

- ಎಕರೆಗೆ ವರ್ಷಕ್ಕೆ 21,000 ರೂಪಾಯಿ
- ಪ್ರತಿ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ
- ಅವಧಿ 28 ವರ್ಷ

ಅವತ್ತಿಗೆ ಅದು ಒಳ್ಳೆಯ ಡೀಲ್ ಆಗಿತ್ತೇ?

ಆಗಿತ್ತು. ಇಂದು ಕುಳಿತು ಟೀಕೆ ಮಾಡುವುದು ಸುಲಭ, ಆದ್ದರಿಂದ ಮೊದಲು ಇದನ್ನು ಒಪ್ಪಿಕೊಂಡು ಮುಂದೆ ಹೋಗೋಣ.

ಮಳೆಯಾಶ್ರಿತ ಕಡಲೆಕಾಯಿ ಬೆಳೆಯುವವನ ಆದಾಯವನ್ನು ಷೇರು ಎಂದುಕೊಳ್ಳಿ. ಒಳ್ಳೆಯ ವರ್ಷ ಲಾಭ, ಎರಡು ವರ್ಷ ಅಸಲೂ ಇಲ್ಲ, ಮತ್ತೊಂದು ವರ್ಷ ಬಿತ್ತನೆ ಬೀಜಕ್ಕೇ ಸಾಲ. ಅದರ ಬದಲಿಗೆ ಸರ್ಕಾರಿ ನಿಗಮವೊಂದು ಬಂದು "ಬೆಳೆ ಬರಲಿ ಬಿಡಲಿ, ವರ್ಷಕ್ಕೆ 21,000" ಎಂದರೆ ಅದು ಬಾಂಡ್. ಐದು ಎಕರೆ ಇದ್ದವನಿಗೆ ವರ್ಷಕ್ಕೆ 1,05,000 ರೂಪಾಯಿ, ತಿಂಗಳಿಗೆ 8,750. ಗೊಬ್ಬರದ ಖರ್ಚಿಲ್ಲ, ಕೊಳವೆಬಾವಿಯ ಸಾಲವಿಲ್ಲ, ಜಮೀನು ಕೈತಪ್ಪುವ ಭಯವಿಲ್ಲ. ಸಾಲ ತೀರಿಸಿದವರಿದ್ದಾರೆ, ಮನೆ ಕಟ್ಟಿಕೊಂಡವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ. ಬಾಡಿಗೆ ಕೊಡುವವರು ನಿನ್ನೆ ಮೊನ್ನೆ ಹುಟ್ಟಿದ ಖಾಸಗಿ ಕಂಪನಿಯಲ್ಲ, ಸರ್ಕಾರದ ಸಂಸ್ಥೆ. ಕ್ರೆಡಿಟ್ ರಿಸ್ಕ್ ಕಡಿಮೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಏರಿಳಿತ ಜಾಸ್ತಿ ಇದ್ದ ಆಸ್ತಿಯೊಂದು ಸ್ಥಿರ ಆದಾಯದ ಆಸ್ತಿಯಾಯಿತು.

ಆದರೆ ಬಾಂಡ್‌ಗೆ ಒಂದು ಶತ್ರು ಇದೆಯಲ್ಲ? ಹಣದುಬ್ಬರ. ಮುಖ್ಯವಾದ ಲೆಕ್ಕ ಬರುವುದು ಇಲ್ಲೇ.

'ಎರಡು ವರ್ಷಕ್ಕೊಮ್ಮೆ' ಎಂಬ ಎರಡು ಪದದ ಬೆಲೆ

ಶೇ. 5 ಏರಿಕೆ ಎಂದ ತಕ್ಷಣ ಕಿವಿಗೆ ಇಂಪಾಗಿ ಕೇಳುತ್ತದೆ. ಆದರೆ ಅದು ಎರಡು ವರ್ಷಕ್ಕೊಮ್ಮೆ. ವರ್ಷದ ಲೆಕ್ಕಕ್ಕೆ ಇಳಿಸಿದರೆ ಶೇ. 2.5ಕ್ಕಿಂತ ಸ್ವಲ್ಪ ಕಡಿಮೆ. ದೇಶದ ಹಣದುಬ್ಬರ ದೀರ್ಘಾವಧಿಯಲ್ಲಿ ವರ್ಷಕ್ಕೆ ಶೇ. 5 ಎಂದು ಹಿಡಿಯೋಣ. ಇದು ನನ್ನ ಅಂದಾಜು. ನೀವು 4 ಅಥವಾ 6 ಹಾಕಿ ನೋಡಬಹುದು, ದಿಕ್ಕು ಬದಲಾಗುವುದಿಲ್ಲ. ಒಂದು ಎಕರೆಯ ಬಾಡಿಗೆ ಹೀಗೆ ಸಾಗುತ್ತದೆ:

- 1ನೇ ವರ್ಷ: ಕೈಗೆ 21,000. ಕೊಳ್ಳುವ ಶಕ್ತಿ 21,000
- 10ನೇ ವರ್ಷ: ಕೈಗೆ ಸುಮಾರು 25,500. ಕೊಳ್ಳುವ ಶಕ್ತಿ ಸುಮಾರು 16,450
- 15ನೇ ವರ್ಷ: ಕೈಗೆ ಸುಮಾರು 29,550. ಕೊಳ್ಳುವ ಶಕ್ತಿ ಸುಮಾರು 14,900
- 28ನೇ ವರ್ಷ: ಕೈಗೆ ಸುಮಾರು 39,600. ಕೊಳ್ಳುವ ಶಕ್ತಿ ಸುಮಾರು 10,600

ಅಂದರೆ ಕೈಗೆ ಬರುವ ನೋಟು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಅದರಿಂದ ಬರುವ ಅಕ್ಕಿ ಬೇಳೆ ಅರ್ಧವಾಗುತ್ತದೆ. ಬಾಡಿಗೆ ಏರುತ್ತಲೇ ಇದೆ ಎಂದು ಅನ್ನಿಸುತ್ತಿರುವಾಗಲೇ ಮನೆಯ ನಿಜವಾದ ಆದಾಯ ವರ್ಷ ವರ್ಷ ಇಳಿಯುತ್ತಿರುತ್ತದೆ. ಸಹಿ ಹಾಕಿದಾಗ 40 ವರ್ಷದವನಿಗೆ ಗುತ್ತಿಗೆ ಮುಗಿಯುವಾಗ 68. ಆದಾಯ ಅತಿ ಹೆಚ್ಚು ಬೇಕಾದ ವಯಸ್ಸಿನಲ್ಲಿ ಅದು ಅತಿ ಕಡಿಮೆ ಇರುತ್ತದೆ.

ಈಗ ಒಂದೇ ಒಂದು ಷರತ್ತು ಬದಲಿಸೋಣ. ಅದೇ 21,000, ಅದೇ 28 ವರ್ಷ, ಅದೇ ಶೇ. 5. ಆದರೆ ಏರಿಕೆ ಪ್ರತಿ ವರ್ಷ.

ಎರಡು ವರ್ಷಕ್ಕೊಮ್ಮೆ ಏರಿದರೆ 28 ವರ್ಷದಲ್ಲಿ ಎಕರೆಗೆ ಒಟ್ಟು ಸುಮಾರು 8.2 ಲಕ್ಷ ರೂಪಾಯಿ ಸಿಗುತ್ತದೆ. ಪ್ರತಿ ವರ್ಷ ಏರಿದರೆ ಸುಮಾರು 12.3 ಲಕ್ಷ. ಮುಂದೆ ಬರುವ ಹಣವನ್ನು ಶೇ. 8ರ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿ ನೋಡಿದರೆ (ಬಾಡಿಗೆ ವರ್ಷದ ಮೊದಲಲ್ಲೇ ಬರುತ್ತದೆ ಎಂದಿಟ್ಟುಕೊಂಡು) ಮೊದಲನೆಯದರ ಮೌಲ್ಯ ಎಕರೆಗೆ ಸುಮಾರು 3.1 ಲಕ್ಷ, ಎರಡನೆಯದ್ದು ಸುಮಾರು 4.1 ಲಕ್ಷ. ಐದು ಎಕರೆಯ ಮನೆಗೆ ವ್ಯತ್ಯಾಸ 5 ಲಕ್ಷ ರೂಪಾಯಿ. ಬಾಡಿಗೆ ದರ ಒಂದು ರೂಪಾಯಿಯೂ ಹೆಚ್ಚಾಗಿಲ್ಲ, ಏರಿಕೆಯ ಸಾಲಿನಲ್ಲಿ ಎರಡು ಪದ ಬದಲಾಗಿವೆ ಅಷ್ಟೆ.

ನಮ್ಮವರು ಚೌಕಾಸಿ ಮಾಡುವುದು ಮೊದಲ ವರ್ಷದ ಬಾಡಿಗೆಯ ಮೇಲೆ. 21,000 ಬೇಡ, 23,000 ಕೊಡಿ ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆದರೆ ದುಡ್ಡು ಅಡಗಿರುವುದು ಏರಿಕೆಯ ಸಾಲಿನಲ್ಲಿ.

ನಮ್ಮಂಥವರಿಗೆ ಇನ್ನೊಂದು ಮಾತು. 2016ರಲ್ಲಿ ಶುರುವಾದ ಇಂಥ ಒಪ್ಪಂದದ ಬಾಡಿಗೆಯನ್ನು ಡಾಲರ್‌ಗೆ ಬದಲಿಸಿದರೆ ಅಂದು ಎಕರೆಗೆ ಸುಮಾರು 313 ಡಾಲರ್ (ಡಾಲರ್‌ಗೆ 67 ರೂಪಾಯಿಯಂತೆ). ನಾಲ್ಕು ಸಲ ಏರಿದ ಮೇಲೆ, 2025ರಲ್ಲಿ, ಡಾಲರ್‌ಗೆ 86ರಂತೆ ಸುಮಾರು 297 ಡಾಲರ್. ಬಾಡಿಗೆಯ ಹಣ ಊರಲ್ಲೇ ಖರ್ಚಾಗುವುದಾದರೆ ಇದರ ಚಿಂತೆ ಬೇಡ. ಹೊರಗೆ ತರುವ ಯೋಚನೆ ಇದ್ದರೆ ಮಾತ್ರ ಇದೂ ಲೆಕ್ಕಕ್ಕೆ ಬರುತ್ತದೆ.

ಕಂಪನಿಗೆ ಈ ಬಾಡಿಗೆ ಎಷ್ಟು ಭಾರ?

"ಏರಿಕೆ ಜಾಸ್ತಿ ಕೇಳಿದರೆ ಪ್ರಾಜೆಕ್ಟೇ ವಾಪಸ್ ಹೋಗುತ್ತೆ" ಎಂಬ ಹೆದರಿಕೆ ಹಳ್ಳಿಗಳಲ್ಲಿ ಸಾಮಾನ್ಯ. ಮಧ್ಯವರ್ತಿಗಳೂ ಅದನ್ನೇ ಹೇಳುತ್ತಾರೆ. ಇದನ್ನೂ ಲೆಕ್ಕ ಹಾಕೋಣ.

ಪಾವಗಡದಲ್ಲಿ 13,000 ಎಕರೆಗೆ 2,050 ಮೆಗಾವ್ಯಾಟ್. ಅಂದರೆ ಒಂದು ಮೆಗಾವ್ಯಾಟ್‌ಗೆ ಸುಮಾರು 6.3 ಎಕರೆ. ಒಂದು ಮೆಗಾವ್ಯಾಟ್ ಘಟಕ ತನ್ನ ಸಾಮರ್ಥ್ಯದ ಶೇ. 20ರಷ್ಟು ಉತ್ಪಾದಿಸುತ್ತದೆ ಎಂದು ಹಿಡಿದರೆ ವರ್ಷಕ್ಕೆ 17.5 ಲಕ್ಷ ಯೂನಿಟ್. ಯೂನಿಟ್‌ಗೆ 3 ರೂಪಾಯಿ ಎಂದುಕೊಂಡರೆ ಆದಾಯ 52.5 ಲಕ್ಷ ರೂಪಾಯಿ. ಮೊದಲ ವರ್ಷದ ಜಮೀನು ಬಾಡಿಗೆ 6.3 ಎಕರೆಗೆ 1.32 ಲಕ್ಷ. ಆದಾಯದಲ್ಲಿ ಶೇ. 2.5.

ಇದನ್ನು ನೋಡಿ "ಲೂಟಿ" ಎನ್ನುವುದು ತಪ್ಪು. ಪ್ಯಾನೆಲ್, ಇನ್ವರ್ಟರ್, ಸಬ್‌ಸ್ಟೇಷನ್, ಬ್ಯಾಂಕ್ ಸಾಲದ ಬಡ್ಡಿ ಎಲ್ಲವೂ ಅದೇ 52.5 ಲಕ್ಷದಿಂದ ತೀರಬೇಕು, ಬಂಡವಾಳ ಹಾಕಿದವರಿಗೆ ಲಾಭವೂ ಬರಬೇಕು. ಹರಾಜಿನಲ್ಲಿ ಪೈಸೆ ಪೈಸೆಗೆ ಪೈಪೋಟಿ ಇರುತ್ತದೆ. ಆದರೆ ಅದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಎಕರೆಗೆ 10,000 ರೂಪಾಯಿ ಹೆಚ್ಚು ಕೊಟ್ಟರೆ ಕಂಪನಿಗೆ ಬೀಳುವ ಹೆಚ್ಚುವರಿ ಹೊರೆ ಯೂನಿಟ್‌ಗೆ 3.6 ಪೈಸೆ. ಐದು ಎಕರೆಯ ರೈತನಿಗೆ ಅದು ವರ್ಷಕ್ಕೆ 50,000 ರೂಪಾಯಿ, ಅಂದರೆ ಬಾಡಿಗೆಯ ಅರ್ಧದಷ್ಟು.

ಮಾತುಕತೆಗೆ ಜಾಗ ಇದೆ ಎಂಬುದಕ್ಕೆ ಪಕ್ಕದ ರಾಜ್ಯವೇ ಸಾಕ್ಷಿ. ಮಹಾರಾಷ್ಟ್ರವು 2023ರ 'ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ 2.0' ಅಡಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಬಾಡಿಗೆ, ಪ್ರತಿ ವರ್ಷ ಶೇ. 3 ಏರಿಕೆ ಎಂದು ನಿಗದಿ ಮಾಡಿತು. ಎಕರೆಗೆ 50,000 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಮೇಲಿನ ಹಾಗೇ 28 ವರ್ಷ, ಶೇ. 8ರ ಲೆಕ್ಕ ಹಾಕಿದರೆ ಎಕರೆಗೆ ಸುಮಾರು 8 ಲಕ್ಷದ ಮೌಲ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಲಾಗದು. ಪಾವಗಡದ ದರ ಹಳೆಯದು, ಸಾವಿರಾರು ಎಕರೆಯ ಪಾರ್ಕ್‌ಗೆ ಕೊಟ್ಟದ್ದು. ಮಹಾರಾಷ್ಟ್ರದಲ್ಲಿ ಬೇಕಾಗಿರುವುದು ಸಬ್‌ಸ್ಟೇಷನ್ ಹತ್ತಿರದ ಸಣ್ಣ ಸಣ್ಣ ಜಮೀನು. ಆದರೆ ಇದರಿಂದ ಒಂದು ಪಾಠ ಸಿಗುತ್ತದೆ. ಸೋಲಾರ್ ಜಮೀನಿನ ಬೆಲೆ ಮಣ್ಣಿನ ಫಲವತ್ತತೆಯಲ್ಲಿ ಇಲ್ಲ, ಸಬ್‌ಸ್ಟೇಷನ್‌ಗೆ ಎಷ್ಟು ಹತ್ತಿರ ಎಂಬುದರಲ್ಲಿದೆ. ನಿಮ್ಮ ಜಮೀನಿಂದ ಸಬ್‌ಸ್ಟೇಷನ್ ಎಷ್ಟು ಕಿಲೋಮೀಟರ್ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಬಂದವರಿಗೆ ಅದು ಆಗಲೇ ಗೊತ್ತಿರುತ್ತದೆ.

ಕಾಗದದಲ್ಲಿ ಹೆಸರಿಲ್ಲದವರು

ಈವರೆಗಿನ ಲೆಕ್ಕ ಪಹಣಿಯಲ್ಲಿ ಹೆಸರಿರುವವರದ್ದು. ಐದು ಹಳ್ಳಿಗಳಲ್ಲಿ ಅವರಷ್ಟೇ ಇರಲಿಲ್ಲ.

ಬಿತ್ತನೆ, ಕಳೆ, ಕಡಲೆಕಾಯಿ ಕೀಳುವುದು, ಬಿಡಿಸುವುದು ಇವೆಲ್ಲ ಭೂಮಿ ಇಲ್ಲದ ಮನೆಗಳ, ಅದರಲ್ಲೂ ಹೆಂಗಸರ ವರ್ಷದ ಕೂಲಿ. 13,000 ಎಕರೆಗೆ ಬೇಲಿ ಬಿದ್ದಾಗ ಆ ಕೂಲಿ ನಿಂತಿತು. ಕುರಿ ಮೇಯಿಸುವವರಿಗೆ ಬಯಲು ಹೋಯಿತು. ಪಾರ್ಕ್‌ನಲ್ಲಿ ಕೆಲಸ ಸಿಕ್ಕಿತಲ್ಲ ಎಂದರೆ, ಕಟ್ಟುವಾಗ ಬೇಕಾದಷ್ಟು ಜನ ಕಟ್ಟಿ ಮುಗಿದ ಮೇಲೆ ಬೇಕಾಗುವುದಿಲ್ಲ. ಉಳಿಯುವುದು ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು. ಹೊಲ ಎಷ್ಟು ಕೈಗಳಿಗೆ ಕೆಲಸ ಕೊಡುತ್ತಿತ್ತೋ ಅಷ್ಟನ್ನು ಪ್ಯಾನೆಲ್ ಕೊಡುವುದಿಲ್ಲ. ಹೆಚ್ಚು ಜಮೀನಿದ್ದವನಿಗೆ ಹೆಚ್ಚು ಬಾಡಿಗೆ, ಜಮೀನಿಲ್ಲದವನಿಗೆ ಇದ್ದ ಕೂಲಿಯೂ ಇಲ್ಲ.

ನಮ್ಮ ವಿಷಯಕ್ಕೆ ಬನ್ನಿ. ಹೊರದೇಶದಲ್ಲಿರುವ ನಮ್ಮ ಜಮೀನನ್ನು ಊರಲ್ಲಿ ಯಾರೋ ಮಾಡುತ್ತಿರುತ್ತಾರೆ. ವಾರಕ್ಕೆ ಅನ್ನಿ, ಕೋರಿಗೆ ಅನ್ನಿ, ಬಾಯಿಮಾತಿನ ಒಪ್ಪಂದ. ಭೂ ಸುಧಾರಣೆಯ ಕಾನೂನು ಗೇಣಿಯನ್ನು ನಿಷೇಧಿಸಿದ್ದರಿಂದ ಅವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಅಪ್ಪನಿಗೆ ಅವರು 'ನಮ್ಮ ಹುಡುಗ', ಇಪ್ಪತ್ತು ವರ್ಷದಿಂದ ಅದೇ ಹೊಲ. ನಾವು ಇಲ್ಲಿ ಕುಳಿತು ಸ್ಕ್ಯಾನ್ ಮಾಡಿದ ಕಾಗದಕ್ಕೆ ಸಹಿ ಹಾಕಿದ ದಿನ ಅವರ ಜೀವನ ಮುಗಿಯುತ್ತದೆ. ಅವರಿಗೆ ಕೊಡಬೇಕಾದದ್ದು ಕಾನೂನಿನ ಪ್ರಕಾರ ಸೊನ್ನೆ.

ಇದನ್ನು ದಾನ ಧರ್ಮದ ಮಾತು ಎಂದು ಪಕ್ಕಕ್ಕೆ ಇಡಬೇಡಿ, ಇದೂ ಪ್ರಾಜೆಕ್ಟ್‌ನ ಒಂದು ಖರ್ಚು. ಐದು ಎಕರೆಯ ಬಾಡಿಗೆಯಲ್ಲಿ ಶೇ. 10ನ್ನು ಐದು ವರ್ಷ ಅವರಿಗೆ ಕೊಡುವುದು ಎಂದರೆ ವರ್ಷಕ್ಕೆ ಸುಮಾರು 10,500 ರೂಪಾಯಿ. ನಮಗೆ ಅದು ಒಂದು ಸಂಜೆಯ ಹೋಟೆಲ್ ಬಿಲ್ ಇದ್ದೀತು. ಅವರಿಗೆ ನಾಲ್ಕು ಮೇಕೆ ಕಟ್ಟಿಕೊಳ್ಳಲೋ, ಮಗನನ್ನು ಐಟಿಐಗೆ ಸೇರಿಸಲೋ ಆಗುವ ದುಡ್ಡು. ಜೊತೆಗೆ ಘಟಕದ ಕಾವಲು, ನಿರ್ವಹಣೆಯ ಕೆಲಸದಲ್ಲಿ ಆ ಮನೆಗೆ ಮೊದಲ ಅವಕಾಶ ಎಂದು ಬರೆಸಬಹುದು. ಸಹಿಗೆ ಮೊದಲು ಕೇಳಿದರೆ ಕಂಪನಿಯವರು ಒಪ್ಪುವ ಷರತ್ತು ಇದು. ಸಹಿ ಆದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಇಡೀ ಊರಿನ ಪಾಲಿಗೆ ಬೇರೆ ದಾರಿಯೂ ಇದೆ. ಜರ್ಮನಿಯ ನವೀಕರಿಸಬಹುದಾದ ಇಂಧನ ಕಾನೂನಿನಲ್ಲಿ, 2021ರ ತಿದ್ದುಪಡಿಯ ನಂತರ, ಗಾಳಿ ಮತ್ತು ನೆಲದ ಮೇಲಿನ ಸೋಲಾರ್ ಘಟಕಗಳು ಯೂನಿಟ್‌ಗೆ 0.2 ಯೂರೋ ಸೆಂಟ್ ತನಕ ಸ್ಥಳೀಯ ಆಡಳಿತಕ್ಕೆ ಕೊಡಬಹುದು. ನಮ್ಮ ಲೆಕ್ಕದಲ್ಲಿ ಸುಮಾರು 20 ಪೈಸೆ. ಜಮೀನಿದ್ದವನಿಗೆ ಬಾಡಿಗೆ, ಊರಿಗೆ ಯೂನಿಟ್ ಲೆಕ್ಕದ ಪಾಲು. ಪಾವಗಡದಷ್ಟು ದೊಡ್ಡ ಪಾರ್ಕ್‌ನಲ್ಲಿ, ಮೇಲೆ ಹಿಡಿದ ಉತ್ಪಾದನೆಯ ಪ್ರಕಾರ, ಯೂನಿಟ್‌ಗೆ ಬರೀ 5 ಪೈಸೆ ಎಂದರೂ ವರ್ಷಕ್ಕೆ ಸುಮಾರು 18 ಕೋಟಿ ರೂಪಾಯಿ. ಐದು ಹಳ್ಳಿಗಳ ಕುಡಿಯುವ ನೀರು, ಶಾಲೆ, ಆಸ್ಪತ್ರೆಗೆ ಪ್ರತಿ ವರ್ಷ 18 ಕೋಟಿ ಬಂದರೆ ಏನೇನಾಗಬಹುದು, ಯೋಚಿಸಿ. ಪಂಚಾಯಿತಿಗೆ ಈ ಪಾಲು ಸಿಗಬೇಕಾದರೆ ಹರಾಜಿನ ಷರತ್ತಿನಲ್ಲೇ ಬರೆದಿರಬೇಕು, ಆಗ ಎಲ್ಲ ಬಿಡ್ಡರ್‌ಗಳೂ ಅದನ್ನು ಸೇರಿಸಿಯೇ ದರ ಹೇಳುತ್ತಾರೆ.

ಬಾಡಿಗೆ ಬಿಟ್ಟು ಬೇರೆ ದಾರಿ ಇದೆಯೇ?

ಇದೆ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ರೈತರು, ರೈತರ ಗುಂಪುಗಳು, ಸಹಕಾರ ಸಂಘಗಳು, ಪಂಚಾಯಿತಿಗಳು ತಾವೇ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್ ತನಕದ ಘಟಕ ಹಾಕಿ ವಿದ್ಯುತ್ ಕಂಪನಿಗೆ 25 ವರ್ಷ ಮಾರಲು ಅವಕಾಶವಿದೆ. ಅದೇ ಯೋಜನೆಯ ಸಿ ಭಾಗದಲ್ಲಿ ಪಂಪ್‌ಸೆಟ್‌ಗಳ ಫೀಡರ್‌ಗಳಿಗೇ ಹಗಲು ಹೊತ್ತು ಸೋಲಾರ್ ವಿದ್ಯುತ್ ಕೊಡುವ ಕೆಲಸ ಕರ್ನಾಟಕದಲ್ಲಿ ನಡೆದಿದೆ. 2025ರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಅಂಥ ಘಟಕ ಉದ್ಘಾಟನೆಯಾಯಿತು. ಈಗ ನಿಮಗೆ ಬರುತ್ತಿರುವ ಫೋನ್ ಕರೆಗಳಲ್ಲಿ ಹಲವು ಈ ಬಗೆಯ ಸಣ್ಣ ಘಟಕಗಳಿಗಾಗಿ ಇರಬಹುದು.

ಸ್ವಂತ ಘಟಕ ಎಂದರೆ ಬಂಡವಾಳವೂ ನಿಮ್ಮದು, ರಿಸ್ಕೂ ನಿಮ್ಮದು. ಒಂದು ಮೆಗಾವ್ಯಾಟ್‌ಗೆ ಕೋಟಿಗಟ್ಟಲೆ ಬೇಕು. ವಿದ್ಯುತ್ ಕಂಪನಿ ಹಣ ತಡ ಮಾಡಿದರೂ ಬ್ಯಾಂಕಿನ ಕಂತು ತಡವಾಗುವಂತಿಲ್ಲ. ಊರಲ್ಲಿ ನಂಬಿಕೆಯ ಮನುಷ್ಯ, ಕೈಯಲ್ಲಿ ಬಂಡವಾಳ, ಹತ್ತಿರದಲ್ಲಿ ಸಬ್‌ಸ್ಟೇಷನ್ ಮೂರೂ ಇದ್ದರೆ ಮಾತ್ರ ಈ ಕಡೆ ನೋಡಿ.

ಸಣ್ಣ ಪ್ರಮಾಣದಲ್ಲಿ ನನಗೆ ಇಷ್ಟವಾದ ಉದಾಹರಣೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ. 2016ರಲ್ಲಿ ಅಲ್ಲಿ ಆರು ರೈತರು ಸೋಲಾರ್ ಪಂಪ್‌ಗಳನ್ನು ಗ್ರಿಡ್‌ಗೆ ಜೋಡಿಸಿ ಸಹಕಾರ ಸಂಘ ಕಟ್ಟಿದರು. ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಬೆನ್ನಿಗೆ ನಿಂತಿತ್ತು. ನೀರೆತ್ತಿ ಉಳಿದ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಮಾರುತ್ತಾರೆ. ಉಚಿತ ವಿದ್ಯುತ್ ಇದ್ದಾಗ ಮೋಟಾರ್ ಆಫ್ ಮಾಡಲು ಯಾರಿಗೂ ಕಾರಣ ಇರುವುದಿಲ್ಲ. ಮಾರುವ ಅವಕಾಶ ಇದ್ದಾಗ ಅನಾವಶ್ಯಕವಾಗಿ ಓಡುವ ಮೋಟಾರ್ ನಷ್ಟವಾಗಿ ಕಾಣುತ್ತದೆ. ಬಾಡಿಗೆಗೆ ಕೊಟ್ಟ ರೈತ ಹೊಲ ಬಿಡಬೇಕು. ಇಲ್ಲಿ ರೈತ ಹೊಲದಲ್ಲೇ ಇದ್ದಾನೆ, ಬೆಳೆಯೂ ಇದೆ.

ಹೊರದೇಶದಲ್ಲಿರುವ ನಮಗೆ ತೆರಿಗೆ, ನಿಯಮ

ಚುಟುಕಾಗಿ ಹೇಳುತ್ತೇನೆ, ಪ್ರತಿಯೊಂದನ್ನೂ ನಿಮ್ಮ ಸಿಎ ಹತ್ತಿರ ಖಚಿತ ಮಾಡಿಕೊಳ್ಳಿ.

- ಎನ್‌ಆರ್‌ಐ ಆಗಿ ನೀವು ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ.
- ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ನಿಜ. ಆದರೆ ಸೋಲಾರ್ ಬಾಡಿಗೆ ಕೃಷಿ ಆದಾಯ ಅಲ್ಲ, ಏಕೆಂದರೆ ಅಲ್ಲಿ ಕೃಷಿ ನಡೆಯುವುದಿಲ್ಲ. ತೆರಿಗೆ ಇದೆ.
- ಜಮೀನು ನಿಮ್ಮ ಹೆಸರಲ್ಲಿದ್ದರೆ ಬಾಡಿಗೆ ಕೊಡುವವರು ಶೇ. 30ರ ಮೇಲೆ ಸೆಸ್ ಸೇರಿಸಿ ಟಿಡಿಎಸ್ ಹಿಡಿಯಬೇಕಾಗುತ್ತದೆ. ನಿಮ್ಮ ಭಾರತದ ಆದಾಯ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಮೊದಲೇ ಕಡಿಮೆ ಕಡಿತದ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು.
- ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿದ್ದರೆ ಅಲ್ಲಿಯೂ ಈ ಆದಾಯ ತೋರಿಸಬೇಕು, ಭಾರತದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ. ಗಲ್ಫ್‌ನಲ್ಲಿದ್ದವರಿಗೆ ಅಲ್ಲಿ ತೆರಿಗೆ ಇಲ್ಲ ಎಂದ ಮಾತ್ರಕ್ಕೆ ಇಲ್ಲಿಯದ್ದು ತಪ್ಪುವುದಿಲ್ಲ.
- ಹಣ ಎನ್‌ಆರ್‌ಒ ಖಾತೆಗೆ ಬರಲಿ. ತೆರಿಗೆ ಕಟ್ಟಿದ ಮೇಲೆ ಹೊರಗೆ ತರಲು ಅವಕಾಶವಿದೆ.

ತಾತನ ಹೆಸರಲ್ಲೇ ಪಹಣಿ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಅಣ್ಣತಮ್ಮಂದಿರ, ಅಕ್ಕತಂಗಿಯರ ಭಾಗ ಇತ್ಯರ್ಥವಾಗದೆ 28 ವರ್ಷದ ಕಾಗದಕ್ಕೆ ಕೈ ಹಾಕಬೇಡಿ. ಬಾಡಿಗೆ ಬರಲು ಶುರುವಾದ ಮೇಲೆ ಏಳುವ ಜಗಳ ಅದಕ್ಕಿಂತ ಮೊದಲಿನದಕ್ಕಿಂತ ದೊಡ್ಡದಿರುತ್ತದೆ.

ಸಹಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಏರಿಕೆ ಎಷ್ಟು, ಎಷ್ಟು ವರ್ಷಕ್ಕೊಮ್ಮೆ? ಪ್ರತಿ ವರ್ಷ ಏರಿಕೆ ಕೇಳಿ. ಅಥವಾ ಪ್ರತಿ ಐದು ವರ್ಷಕ್ಕೊಮ್ಮೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಹೊಂದಿಸುವ ಷರತ್ತು ಹಾಕಿಸಿ.

2. ಬಾಡಿಗೆ ಯಾವ ದಿನದಿಂದ? ಸಹಿ ಹಾಕಿದ ದಿನದಿಂದಲೋ, ವಿದ್ಯುತ್ ಉತ್ಪಾದನೆ ಶುರುವಾದ ದಿನದಿಂದಲೋ? ನಡುವೆ ಎರಡು ಮೂರು ವರ್ಷ ಜಮೀನು ನಿಮಗೂ ಇಲ್ಲ, ಬಾಡಿಗೆಯೂ ಇಲ್ಲ ಎಂದಾಗಬಾರದು. ಟೋಕನ್ ಹಣ ಕೊಟ್ಟು ಜಮೀನು ಕಟ್ಟಿಹಾಕುವ ಕಾಗದವಾದರೆ ಅದಕ್ಕೆ ಕೊನೆಯ ದಿನಾಂಕ ಇರಲಿ.

3. ಸಹಿ ಹಾಕುತ್ತಿರುವ ಕಂಪನಿ ಯಾವುದು? ದೊಡ್ಡ ಹೆಸರಿನ ಮಾತೃ ಸಂಸ್ಥೆಯೋ, ಈ ಪ್ರಾಜೆಕ್ಟ್‌ಗೆಂದೇ ಹುಟ್ಟಿಸಿದ ಸಣ್ಣ ಕಂಪನಿಯೋ? ಎರಡನೆಯದಾದರೆ ಒಂದೆರಡು ವರ್ಷದ ಬಾಡಿಗೆಗೆ ಬ್ಯಾಂಕ್ ಗ್ಯಾರಂಟಿ ಕೇಳಿ. ಕಂಪನಿ ಮಾರಾಟವಾದರೆ ಹೊಸ ಮಾಲೀಕರಿಗೂ ಎಲ್ಲ ಷರತ್ತು ಅನ್ವಯಿಸಬೇಕು.

4. ಸಾಲಕ್ಕೆ ಏನನ್ನು ಅಡ ಇಡುತ್ತಾರೆ? ಗುತ್ತಿಗೆಯ ಹಕ್ಕನ್ನು ಇಡಲಿ. ನಿಮ್ಮ ಜಮೀನಿನ ಒಡೆತನವನ್ನು ಇಡುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಸಿ.

5. ಅವಧಿ ಮುಗಿದ ಮೇಲೆ ಪ್ಯಾನೆಲ್, ಕಾಂಕ್ರೀಟ್, ಕೇಬಲ್ ತೆಗೆಯುವವರು ಯಾರು, ಯಾರ ಖರ್ಚಲ್ಲಿ? 28 ವರ್ಷದ ನಂತರ ಆ ಕಂಪನಿ ಇಲ್ಲದೇ ಹೋಗಬಹುದು. ಕೊನೆಯ ವರ್ಷಗಳ ಮೊದಲೇ ಇದಕ್ಕೆಂದು ಠೇವಣಿ ಇಡುವ ಷರತ್ತು ಬೇಕು.

6. ಬದು ಎಲ್ಲಿತ್ತು? ಜಮೀನು ಸಮತಟ್ಟು ಮಾಡುವ ಮೊದಲು ಸರ್ವೆ ಮಾಡಿಸಿ, ನಕ್ಷೆಯನ್ನು ಒಪ್ಪಂದಕ್ಕೆ ಲಗತ್ತಿಸಿ. ಅಂದು ಬಂದು ನೋಡುವುದು ನಿಮ್ಮ ಮಕ್ಕಳು. ಅವರಿಗೆ ಹುಣಸೆ ಮರದಿಂದ ಇತ್ತ ನಮ್ಮದು ಎಂದು ಹೇಳಲು ಮರವೂ ಇರುವುದಿಲ್ಲ, ಅಪ್ಪನೂ ಇರುವುದಿಲ್ಲ.

7. ಒಪ್ಪಂದ ನೋಂದಣಿಯಾಗಿದೆಯೇ? ಕನ್ನಡ ಪ್ರತಿ ಇದೆಯೇ? ಇಂಗ್ಲಿಷ್ ಪ್ರತಿ ನಮಗೆ ಅರ್ಥವಾಗುತ್ತದೆ, ಆದರೆ ವರ್ಷ ವರ್ಷ ಕಂಪನಿಯವರ ಹತ್ತಿರ ಮಾತಾಡಬೇಕಾದವರು ಊರಲ್ಲಿರುವ ಅಪ್ಪ, ಅಣ್ಣ.

8. ಜಮೀನು ಈಗ ಮಾಡುತ್ತಿರುವವರಿಗೆ ಏನು?

ಇನ್ನೊಂದು ಮಾತು. ಒಬ್ಬೊಬ್ಬರೇ ಮಾತಾಡಬೇಡಿ. ಐದು ಎಕರೆಯವನ ಬೇಡಿಕೆಗೆ ತೂಕ ಇಲ್ಲ. ಅಕ್ಕಪಕ್ಕದ ಹತ್ತು ಮನೆ ಸೇರಿ ಐವತ್ತು ಎಕರೆ ಒಂದೇ ತುಂಡಾಗಿ ಮಾತಿಗೆ ಕುಳಿತರೆ ಕಂಪನಿಗೂ ಅನುಕೂಲ, ಹಾಗಾಗಿ ಷರತ್ತಿಗೂ ಬೆಲೆ ಬರುತ್ತದೆ. ವಕೀಲರ ಫೀಸೂ ಹಂಚಿಹೋಗುತ್ತದೆ. ಇಂಥ ಒಪ್ಪಂದ ಓದಿ ಅರ್ಥ ಮಾಡಿಕೊಂಡು, ಸ್ಪ್ರೆಡ್‌ಶೀಟ್‌ನಲ್ಲಿ ಏರಿಕೆಯ ಲೆಕ್ಕ ಹಾಕಿ ಊರವರ ಮುಂದಿಡುವುದು ನಮಗೆ ಒಂದು ಭಾನುವಾರದ ಕೆಲಸ. ಊರಲ್ಲಿ ಅದನ್ನು ಮಾಡಿಕೊಡುವವರು ಸಿಗುವುದು ಕಷ್ಟ.

ನಿಮ್ಮ ಊರಿಗೆ ಇಂಥ ಪ್ರಸ್ತಾಪ ಬಂದಿದ್ದರೆ ಮೊದಲ ವರ್ಷದ ಬಾಡಿಗೆ, ಏರಿಕೆ, ಅವಧಿ ಈ ಮೂರು ಸಂಖ್ಯೆ ಕಳಿಸಿ. ಇವತ್ತಿನ ಬೆಲೆಗೆ ಎಕರೆಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವುದು ಹೇಗೆಂದು ತೋರಿಸುತ್ತೇನೆ. ಸಹಿ ಹಾಕುವುದು ಬಿಡುವುದು ನಿಮ್ಮ ಮನೆಯವರ ತೀರ್ಮಾನ.